ಬಸ್ತಿಹಳ್ಳಿಯ ಒಂದು ಲೋಟ ಕಾಫಿ

ಹೋದ ವಾರ ಬೇಲೂರಿನಲ್ಲಿ ಗೆಳತಿಯೊಬ್ಬಳ ಮನೆಗೆ ಹೋಗಿದ್ದೆ. ಮಾತಾಡುತ್ತಲೇ ಅವಳು ಒಲೆಯ ಮೇಲೆ ಬೆಲ್ಲದ ನೀರು ಕುದಿಯಲು ಇಟ್ಟು, ಅದಕ್ಕೆ ಎರಡು ಚಮಚ ಕಾಫಿಪುಡಿ ಸುರಿದಳು. ಆ ವಾಸನೆ ಅಡುಗೆಮನೆ ದಾಟಿ ನಡುಮನೆಗೆ ಬಂದದ್ದೇ ತಡ, ನನ್ನ ಅಂಗೈ ಬೆವೆತಿತು. ಬೇರೆಯವರಿಗೆ ಬಾಯಲ್ಲಿ ನೀರೂರಿಸುವ ವಾಸನೆ ಅದು. ನನಗೆ ಮಾತ್ರ ಒಂದು ಆಷಾಢ, ಒಂದು ಗಾಜಿನ ಕೋಣೆ, ಅಲ್ಲಿ ನಿಂತು ನಾನು ಹೇಳಿದ ಒಂದು ಸುಳ್ಳು ನೆನಪಾಗುತ್ತವೆ. ಗೆಳತಿ ಲೋಟ ತಂದು ಕೈಗಿಟ್ಟಳು. ಕುಡಿದೆ, ರುಚಿ ತಿಳಿಯಲಿಲ್ಲ.

ಆಗ ನನಗೆ ಇಪ್ಪತ್ತಾರು ವರ್ಷ. ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅಮ್ಮನ ಜೊತೆ ಇದ್ದೆ. ನರ್ಸಿಂಗ್ ಮುಗಿಸಿ, ಊರಿನ ಸಣ್ಣ ನರ್ಸಿಂಗ್ ಹೋಮಿನಲ್ಲಿ ಮೂರು ವರ್ಷ ಡ್ರಿಪ್ ಹಾಕಿಕೊಂಡಿದ್ದವಳಿಗೆ ಹಾಸನದ ಹೃದಯದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಕುತ್ತಿಗೆಗೆ ಫೋಟೋ ಇರುವ ಕಾರ್ಡು, ಓಡಾಡಲು ಆಸ್ಪತ್ರೆಯ ಕಾರು. ಅಮ್ಮ ಆ ಕಾರ್ಡನ್ನು ಬೀದಿಯವರಿಗೆಲ್ಲ ತೋರಿಸಿ ಬಂದಿದ್ದಳು. ನಾನೋ ಹುಟ್ಟಿನಿಂದಲೇ ಪುಕ್ಕಲು. ಶಾಲೆಯಲ್ಲಿ ಬೇರೆಯವರ ಹೆಸರು ಕೂಗಿದರೂ ಎದ್ದು ನಿಲ್ಲುತ್ತಿದ್ದವಳು. ಸಿಕ್ಕ ಕೆಲಸ ಯಾವತ್ತು ಕೈಬಿಡುತ್ತದೋ ಎಂದು ಮೊದಲ ದಿನದಿಂದಲೇ ಹೆದರಿಕೊಂಡಿದ್ದೆ.

ಕೆಲಸ ಏನೆಂದು ಹೇಳಬೇಕು. ಹೃದಯದ ರಕ್ತನಾಳ ಒಂದು ಕಡೆ ಕಿರಿದಾಗಿದೆ ಎನ್ನುವುದು ಆಂಜಿಯೋಗ್ರಾಂನಲ್ಲಿ ಕಾಣುತ್ತದೆ. ಆದರೆ ಅಷ್ಟರಿಂದಲೇ ಅದನ್ನು ತೆರೆದು ಹಿಡಿದಿಡುವ ಪುಟ್ಟ ಜಾಲರಿ ಕೊಳವೆ, ಸ್ಟೆಂಟ್, ಹಾಕಬೇಕೋ, ಮಾತ್ರೆಯಲ್ಲಿ ನಡೆಯುತ್ತದೋ ಗೊತ್ತಾಗುವುದಿಲ್ಲ. ಅದಕ್ಕಾಗಿ ಕೂದಲಿನಷ್ಟು ತೆಳುವಾದ ತಂತಿಯೊಂದನ್ನು ಆ ಇಕ್ಕಟ್ಟು ದಾಟಿಸಿ, ಈಚೆಗೂ ಆಚೆಗೂ ರಕ್ತದ ಒತ್ತಡ ಎಷ್ಟಿದೆ ಎಂದು ಅಳೆಯುತ್ತಾರೆ. ಅಳೆಯುವ ಹೊತ್ತಿಗೆ ಒಂದು ಔಷಧಿ ಕೊಟ್ಟು ಹೃದಯದೊಳಗಿನ ಸಣ್ಣ ಸಣ್ಣ ನಾಳಗಳನ್ನೆಲ್ಲ ಪೂರ್ತಿ ಅಗಲಿಸಬೇಕು. ರಕ್ತ ರಭಸದಿಂದ ಹರಿಯುವಾಗಲೇ ಇಕ್ಕಟ್ಟು ಎಷ್ಟು ಕೆಟ್ಟದ್ದು ಎನ್ನುವುದು ತಿಳಿಯುವುದು. ಆ ಎರಡು ಒತ್ತಡಗಳ ಅನುಪಾತ ಪರದೆಯ ಮೇಲೆ ಸಂಖ್ಯೆಯಾಗಿ ಬರುತ್ತದೆ; ನಾಳ ಪೂರ್ತಿ ಸರಿಯಿದ್ದರೆ ಒಂದು, ಇಕ್ಕಟ್ಟಾದಷ್ಟೂ ಕಡಿಮೆ. ಪಾಯಿಂಟ್ ಎಂಬತ್ತಕ್ಕಿಂತ ಮೇಲಿದ್ದರೆ ಮಾತ್ರೆ ಸಾಕು. ಎಂಬತ್ತೋ ಅದಕ್ಕಿಂತ ಕಡಿಮೆಯೋ ಆದರೆ ಸ್ಟೆಂಟ್.

ಆ ಔಷಧಿಗಳಲ್ಲಿ ಎರಡನ್ನು ಹೋಲಿಸಿ ನೋಡುವುದು ನಮ್ಮ ಡಾಕ್ಟರ ಅಧ್ಯಯನ. ಮೊದಲನೆಯದು ಅಡಿನೋಸಿನ್. ಬಹಳ ವರ್ಷಗಳಿಂದ ಎಲ್ಲರೂ ನಂಬಿದ್ದು. ಕೈಯ ನರದ ಮೂಲಕ ಎರಡು ಮೂರು ನಿಮಿಷ ಹರಿಸಬೇಕು, ಅಷ್ಟು ಹೊತ್ತೂ ರೋಗಿಗೆ ಎದೆ ಹಿಂಡಿದಂತೆ, ಉಸಿರು ಸಿಕ್ಕಿಕೊಂಡಂತೆ ಆಗುತ್ತದೆ. ಎರಡನೆಯದು ನಿಕೊರಾಂಡಿಲ್. ಹೃದಯದ ನಾಳಕ್ಕೇ ನೇರ ಕೊಡುವುದು, ಕೆಲವೇ ಸೆಕೆಂಡು, ಅಷ್ಟೇನೂ ಸಂಕಟವಿಲ್ಲ. ಒಬ್ಬನೇ ರೋಗಿಯನ್ನು ಒಂದೇ ಸಲ ಮಲಗಿಸಿ ಮೊದಲು ಒಂದು, ಸ್ವಲ್ಪ ಬಿಡುವು ಕೊಟ್ಟು ಇನ್ನೊಂದು. ಎರಡೂ ಒಂದೇ ಸಂಖ್ಯೆ ಹೇಳುತ್ತವೆಯೇ? ಹೇಳಿದರೆ ಮುಂದೆ ಬರುವವರಿಗೆ ಆ ಎದೆ ಹಿಂಡುವ ಸಂಕಟ ತಪ್ಪಿಸಬಹುದು. ಅಲ್ಲಿಯವರೆಗೆ ಹಳೆಯ ಔಷಧಿ ತೋರಿಸಿದ ಸಂಖ್ಯೆಯೇ ಕೊನೆಯ ತೀರ್ಮಾನ ಎಂದು ನಿಯಮ.

ಈ ಹಳೆಯ ಔಷಧಿಗೆ ಒಂದು ಶತ್ರು ಇದೆ, ಕಾಫಿ. ಚಹಾ ಕೂಡ. ಅದು ಹೊಟ್ಟೆಗೆ ಬಿದ್ದಿದ್ದರೆ ಅಡಿನೋಸಿನ್ ಪೂರ್ತಿ ಕೆಲಸ ಮಾಡುವುದಿಲ್ಲ, ಕೆಟ್ಟ ನಾಳವೂ ಒಳ್ಳೆಯದಾಗಿ ಕಂಡುಬಿಡುತ್ತದೆ. ಎರಡನೆಯದಕ್ಕೆ ಆ ತೊಂದರೆಯಿಲ್ಲ. ಹಾಗಾಗಿ ಹಿಂದಿನ ದಿನದಿಂದಲೇ ಕಾಫಿ, ಚಹಾ ಬಂದ್. ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ರೋಗಿಗಳ ಮನೆಗೆ ಹೋಗಿ ಇದನ್ನೆಲ್ಲ ತಿಳಿಸಿ, ಒಪ್ಪಿಗೆಯ ಸಹಿ ಹಾಕಿಸಿ, ಪರೀಕ್ಷೆಯ ದಿನ ಬೆಳಿಗ್ಗೆ ಅವರನ್ನು ಕಾರಿನಲ್ಲಿ ಕರೆತರುವುದು ನನ್ನ ಕೆಲಸ.

ಹಾಸನ ಸೀಮೆಯ ಜನಕ್ಕೆ ಕಾಫಿ ಬಿಡಿ ಎನ್ನುವುದಕ್ಕಿಂತ ಮನೆ ಬಿಡಿ ಎನ್ನುವುದು ಸುಲಭ. ಬಾಣಾವರದ ಒಬ್ಬಾಕೆ, "ಹಾಲು ಜಾಸ್ತಿ ಹಾಕ್ಕೊಂಡ್ರೆ ಅದು ಹಾಲೇ ಅಲ್ವೇನವ್ವಾ?" ಎಂದು ನನ್ನನ್ನೇ ಒಪ್ಪಿಸಲು ನೋಡಿದರು. ಬೇಲೂರಿನ ನಿವೃತ್ತ ಮೇಷ್ಟರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡು, "ನಲವತ್ತು ವರ್ಷದಿಂದ ಕಾಫಿ ಕುಡಿಯದೆ ನಾನು ಬೆಳಿಗ್ಗೆ ಕಕ್ಕಸಿಗೆ ಹೋದವನಲ್ಲಮ್ಮ. ಮೊದಲು ಅದಕ್ಕೇನು ಔಷಧಿ, ಅದನ್ನ ಹೇಳು" ಎಂದರು. ನಗುತ್ತಿದ್ದೆ. ಆದರೂ ನಿಯಮ ಬಿಟ್ಟುಕೊಡುತ್ತಿರಲಿಲ್ಲ. ಪರೀಕ್ಷೆಯ ಬೆಳಿಗ್ಗೆ ಅವರ ಮನೆಯಲ್ಲಿ ನಾನೂ ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ.

ರುದ್ರಪ್ಪನವರ ಮನೆ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಲ್ಲಿ, ಬಸದಿಗಳು ಕಳೆದ ಮೇಲೆ ಎರಡನೇ ಓಣಿ. ಅರವತ್ತೆರಡು ವರ್ಷ. ಹಣೆಗೆ ಮೂರು ಬೆರಳು ವಿಭೂತಿ, ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ. ರಾಗಿ ಹೊಲ, ಒಂದಿಷ್ಟು ತೆಂಗು, ಎರಡು ಹಸು. ಗಂಡ ಹೆಂಡತಿ ಇಬ್ಬರೂ ಮೈಮುರಿದು ದುಡಿಯುವವರು. ಹೆಂಡತಿ ಗಂಗಮ್ಮ ಡೈರಿಗೆ ಹಾಲು ಹಾಕಿ ಬಂದೇ ನನ್ನ ಜೊತೆ ಮಾತಿಗೆ ಕೂತದ್ದು.

ಮೊದಲ ಸಲ ಹೋದಾಗ ನಾನು ಎಲ್ಲರಿಗೂ ಹೇಳುತ್ತಿದ್ದ ಕೆರೆ ಕಾಲುವೆಯ ಉದಾಹರಣೆ ಶುರುಮಾಡಿದೆ. ಕಾಲುವೆಯಲ್ಲಿ ಎಲ್ಲೋ ಹೂಳು ತುಂಬಿದೆ. ಎಲ್ಲ ಗದ್ದೆಗಳಿಗೆ ನೀರು ಬಿಡುವ ಮಡೆಗಳನ್ನೂ ಒಟ್ಟಿಗೆ ತೆರೆದು ನೀರು ಜೋರಾಗಿ ಎಳೆಸಿಕೊಂಡಾಗ ಮಾತ್ರ... ಎನ್ನುವಷ್ಟರಲ್ಲಿ ರುದ್ರಪ್ಪನವರೇ ಮುಗಿಸಿದರು.

"ಹೂಳು ಎಷ್ಟೈತೆ ಅಂತ ಆಗ ಕಾಣ್ತದೆ. ಮಡೆ ಮುಚ್ಚಿದ್ರೆ ಎಲ್ಲಾ ಕಾಲುವೇನೂ ತುಂಬಿದಂಗೇ ಕಾಣ್ತದೆ. ಸರಿ ಕಣವ್ವ, ನಿಮ್ಮ ಔಷಧಿ ಮಡೆ ತೆಗೆಯೋದು. ಸಹಿ ಎಲ್ಲಿ ಹಾಕ್ಲಿ?"

ಇಷ್ಟು ಬೇಗ ಅರ್ಥಮಾಡಿಕೊಂಡವರು ಬೇರೆ ಯಾರೂ ಇರಲಿಲ್ಲ. ಅವರ ಬಗ್ಗೆ ನನಗೆ ಧೈರ್ಯವೇ ಇತ್ತು.

ಪರೀಕ್ಷೆಯ ದಿನ ಬಸ್ತಿಹಳ್ಳಿ ತಲುಪಿದಾಗ ಬೆಳಗಿನ ಆರು. ಅರಸೀಕೆರೆ ಬಿಟ್ಟಾಗಿನಿಂದ ಸೋನೆ ಬಿಟ್ಟಿರಲಿಲ್ಲ. ಜಾವಗಲ್ ದಾಟಿದ ಮೇಲಂತೂ ಕಾರಿನ ಗಾಜಿನ ಸಂದಿಯಿಂದ ಬರುವ ಗಾಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ರುದ್ರಪ್ಪನವರು ಸ್ನಾನ, ಲಿಂಗಪೂಜೆ ಮುಗಿಸಿ ಒಗೆದ ಪಂಚೆ ಉಟ್ಟು ಜಗಲಿಯ ಮೇಲೆ ಕೂತಿದ್ದರು. ಗಂಗಮ್ಮ ನನ್ನನ್ನು ನೋಡಿದವರೇ ಒಳಗೆ ಹೋಗಿ ಒಂದು ಲೋಟ ಕಾಫಿ ತಂದರು. ಬೆಲ್ಲದ ಕಾಫಿ, ಆಗಷ್ಟೇ ಕರೆದ ಹಾಲು.

"ಇವ್ರಿಗೆ ಕೊಟ್ಟಿಲ್ಲ ಕಣವ್ವ, ನಿಂಗೆ ಅಂತ್ಲೇ ಮಾಡಿದ್ದು. ಮೈಯೆಲ್ಲಾ ನಡುಗ್ತೈತೆ ನೋಡು."

ಬೇಡ ಎನ್ನಬೇಕಿತ್ತು. ಅಷ್ಟು ದಿನ ಅಷ್ಟು ಮನೆಗಳಲ್ಲಿ ಎಂದಿದ್ದೆ. ಆ ದಿನ ಕೈ ತಾನಾಗಿ ಮುಂದೆ ಹೋಯಿತು. ಲೋಟದ ಬಿಸಿ ಅಂಗೈಗೆ ತಗುಲಿದ ಮೇಲೆ ನನ್ನ ನಿಯಮ, ಕಾರ್ಡು, ಕೆಲಸ ಎಲ್ಲ ಮರೆತೇ ಹೋಯಿತು.

ಎರಡು ಗುಟುಕು ಕುಡಿದಿದ್ದೆ. ರುದ್ರಪ್ಪನವರು ನನ್ನ ಮುಖವನ್ನೇ ನೋಡಿ, ಗಂಟಲು ಸರಿಮಾಡಿಕೊಂಡು ಹೆಂಡತಿಗೆ, "ಲೇ, ನಂಗೂ ಒಸಿ ತತ್ತಾ" ಎಂದರು.

"ಆಸ್ಪತ್ರೇರು ಬ್ಯಾಡ ಅಂದವ್ರೆ!"

"ಜೊತೆಗೆ ಒಂದು ಗುಟುಕು ಕಣೇ. ಮನೆಗೆ ಬಂದೋರು ಒಬ್ರೇ ಕೂತು ಕುಡಿಯೋದು ನಮ್ಮವ್ವನ ಕಾಲದಿಂದ್ಲೂ ಈ ಮನೇಲಿಲ್ಲ. ಅಂಗೆ ಬಿಟ್ರೆ ಕೊಟ್ಟಂಗಲ್ಲ."

ಗಂಗಮ್ಮ ನನ್ನತ್ತ ನೋಡಿದರು. ನಾನು ತಡೆಯುತ್ತೇನೆ ಎಂದುಕೊಂಡಿದ್ದರೋ ಏನೋ. ನಾನು "ಅಯ್ಯೋ, ಬೇಡ..." ಎಂದೆ, ಆದರೆ ಬಾಯಿಂದ ಲೋಟ ತೆಗೆಯದೆ ಎಂದೆ. ಕುಡಿಯುತ್ತಾ ಬೇರೆಯವರಿಗೆ ಬೇಡ ಎಂದರೆ ಯಾರು ಕೇಳುತ್ತಾರೆ? ಲೋಟ ಬಂತು. ಒಂದು ಗುಟುಕು ಎಂದವರು ನನ್ನ ಜೊತೆಜೊತೆಗೇ ತಳದವರೆಗೂ ಕುಡಿದು, ತೃಪ್ತಿಯಿಂದ ಮೀಸೆ ಒರೆಸಿಕೊಂಡರು.

ಹಗರೆ ದಾಟಿದ ಮೇಲೆ ಕಾರಿನಲ್ಲಿ ಫಾರಂ ತೆಗೆದೆ. ಹೆಸರು, ವಯಸ್ಸು, ಬಿ.ಪಿ., ಸಕ್ಕರೆ. ಹದಿನಾಲ್ಕನೇ ಸಾಲಿನಲ್ಲಿ, ಹಿಂದಿನ ಇಪ್ಪತ್ನಾಲ್ಕು ಗಂಟೆಯಲ್ಲಿ ಕಾಫಿ, ಚಹಾ ಸೇವನೆ: ಹೌದು, ಇಲ್ಲ. ಪೆನ್ನು ಒಂದು ಕ್ಷಣ ನಿಂತಿತು. ಹೌದು ಎಂದು ಬರೆದರೆ ಇವತ್ತಿನ ಪರೀಕ್ಷೆ ರದ್ದು. ಅವರು ಉಪವಾಸವಿದ್ದದ್ದು ದಂಡ, ಡಾಕ್ಟರು ಕಾಯ್ದಿಟ್ಟ ಹೊತ್ತು ದಂಡ, ಯಾಕೆ ಎಂದು ಕೇಳಿದರೆ ನಾನೂ ಜೊತೆಗೆ ಕೂತು ಕುಡಿದೆ ಎನ್ನಬೇಕು. ಹಳ್ಳಿಯ ಕಾಫಿ, ಹಾಲೇ ಹೆಚ್ಚು ಎಂದುಕೊಂಡೆ. ಬಾಣಾವರದಾಕೆಗೆ ನಾನೇ ಒಪ್ಪದ ಮಾತು ಅದು. 'ಇಲ್ಲ' ಎನ್ನುವುದರ ಮುಂದೆ ಗುರುತು ಹಾಕಿ ಕೆಳಗೆ ಸಹಿ ಮಾಡಿದೆ. ಪಕ್ಕದಲ್ಲಿ ರುದ್ರಪ್ಪನವರು ಮಳೆ ನೋಡುತ್ತಾ ಈ ಸಲ ರಾಗಿ ಬಿತ್ತನೆಗೆ ಹದ ಚೆನ್ನಾಗಿದೆ ಎನ್ನುತ್ತಿದ್ದರು.

ಪರೀಕ್ಷೆ ಮಾಡುವ ಕೋಣೆಗೂ ನಾವು ನಿಲ್ಲುವ ಕೋಣೆಗೂ ನಡುವೆ ದೊಡ್ಡ ಗಾಜು. ಈಚೆ ಪರದೆಗಳು, ಒಳಗಿನವರ ಜೊತೆ ಮಾತಾಡಲು ಒಂದು ಮೈಕು. ಒಳಗೆ ಮೇಜಿನ ಮೇಲೆ ರುದ್ರಪ್ಪನವರು, ಮಣಿಕಟ್ಟಿನಿಂದ ತಂತಿ ಹೋಗಿತ್ತು. ಅಡಿನೋಸಿನ್ ಶುರುವಾಯಿತು. ಈ ಹೊತ್ತಿಗೆ ಎಲ್ಲರೂ ನರಳುತ್ತಾರೆ, ಮುಖ ಕೆಂಪಾಗುತ್ತದೆ, ಕಾಲ್ಬೆರಳು ಮುದುಡುತ್ತವೆ. ರುದ್ರಪ್ಪನವರು ಕಣ್ಣು ಬಿಟ್ಟುಕೊಂಡು ಮೇಲೆ ನೋಡುತ್ತಾ ಸುಮ್ಮನೆ ಮಲಗಿದ್ದರು.

"ಎದೇಲಿ ಏನಾಗ್ತಿದೆ ರುದ್ರಪ್ಪನವರೇ?" ಡಾಕ್ಟರು ಕೇಳಿದರು.

"ಏನೂ ಇಲ್ಲ ಸ್ವಾಮಿ. ಹಾಯಾಗಿವ್ನಿ."

ಸಂಖ್ಯೆ ಪಾಯಿಂಟ್ ಎಂಬತ್ನಾಲ್ಕಕ್ಕೆ ಬಂದು ನಿಂತಿತು. ಮಾತ್ರೆ ಸಾಕು ಎನ್ನುವ ಸಂಖ್ಯೆ. ಬಿಡುವು ಕೊಟ್ಟು ಎರಡನೇ ಔಷಧಿ ಕೊಟ್ಟರು. ನೋಡನೋಡುತ್ತಲೇ ಎಂಬತ್ತೆರಡು, ಎಂಬತ್ತು, ಎಪ್ಪತ್ತೇಳು. ಸ್ಟೆಂಟ್ ಬೇಕೇ ಬೇಕು ಎನ್ನುವ ಸಂಖ್ಯೆ. ಆ ಕೋಣೆಯಲ್ಲಿದ್ದವರ ಪೈಕಿ ಯಾವ ಸಂಖ್ಯೆ ನಿಜ ಎಂದು ಆ ಗಳಿಗೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಡಾಕ್ಟರು ಪರದೆ ನೋಡಿದರು, ರೋಗಿಯನ್ನು ನೋಡಿದರು. "ರುದ್ರಪ್ಪನವರೇ, ನಿಜ ಹೇಳಿ. ನಿನ್ನೆಯಿಂದ ಕಾಫಿ, ಟೀ ಏನಾದ್ರೂ ಕುಡಿದಿದ್ರಾ?"

ರುದ್ರಪ್ಪನವರು ತಲೆ ಹೊರಳಿಸಿ ಗಾಜಿನ ಕಡೆ, ನಾನು ನಿಂತ ಕಡೆ ನೋಡಿದರು. "ಇಲ್ಲ ಸ್ವಾಮಿ. ಮುಟ್ಟಿಲ್ಲ."

ಡಾಕ್ಟರೂ ಗಾಜಿನತ್ತ ತಿರುಗಿದರು. "ನೀನು ಬೆಳಿಗ್ಗೆ ಅವರ ಮನೇಲೇ ಇದ್ದೆಯಲ್ಲ. ಕಾಫಿ ಇಲ್ಲ ಅಂತ ಖಂಡಿತಾನಾ?"

ಮೈಕಿನ ಗುಂಡಿ ಒತ್ತಿದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಎನ್ನಿಸಿತು. "ಇಲ್ಲ ಸರ್. ಕುಡಿದಿಲ್ಲ."

ಅವರು ಎರಡೂ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿದರು. ಕೆಲವರ ಮೈ ಒಂದೊಂದು ಔಷಧಿಗೆ ಒಂದೊಂದು ರೀತಿ ಆಡುತ್ತದೆ ಎಂದು ಯಾರಿಗೋ ಹೇಳಿದರು. ಕೊನೆಗೆ ನಿಯಮದಂತೆ ಹಳೆಯ ಔಷಧಿಯ ಮಾತೇ ನಡೆಯಿತು. ಮಾರನೇ ದಿನ ರುದ್ರಪ್ಪನವರು ಮಾತ್ರೆಯ ಚೀಟಿ ಹಿಡಿದು, "ಎದೆ ಚೆನ್ನಾಗೈತಂತೆ" ಎಂದು ವಾರ್ಡಿನವರಿಗೆಲ್ಲ ಕೈಮುಗಿದು ಊರಿಗೆ ಹೋದರು.

ಅವತ್ತಿನಿಂದ ಶುರುವಾದ ನನ್ನ ಹೆದರಿಕೆಯನ್ನು ಹೇಗೆ ಬರೆಯಲಿ? ಊಟ ಸೇರುತ್ತಿರಲಿಲ್ಲ. ಮನೆಯಲ್ಲಿ ಫೋನು ಹೊಡೆದುಕೊಂಡರೆ ಅಮ್ಮ ಎತ್ತುವ ಮುಂಚೆ ನಾನು ಓಡಿಹೋಗಿ ಎತ್ತುತ್ತಿದ್ದೆ. ಮಳೆ ಬಂದರೆ, ಅವರು ಈಗ ಹೊಲದಲ್ಲಿರುತ್ತಾರೆ, ಬಿತ್ತನೆ ಶುರುವಾಗಿರುತ್ತದೆ ಎನ್ನಿಸುತ್ತಿತ್ತು. ಮಳೆ ಬಿಟ್ಟರೆ, ಹದ ಆರುವ ಮುಂಚೆ ಮುಗಿಸಬೇಕೆಂದು ಇನ್ನೂ ಜೋರಾಗಿ ದುಡಿಯುತ್ತಿರುತ್ತಾರೆ ಎನ್ನಿಸುತ್ತಿತ್ತು. ಒಂದು ದಿನ ಅರಸೀಕೆರೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ವಿಭೂತಿ ಹಚ್ಚಿದ ಹಿರಿಯರೊಬ್ಬರು ಪಕ್ಕಕ್ಕೆ ವಾಲಿದ್ದು ಕಂಡು ಓಡಿಹೋಗಿ ನಾಡಿ ಹಿಡಿದೆ. ಅವರು ಬೆಚ್ಚಿ ಎದ್ದು, "ಏನಮ್ಮಾ, ಒಂದು ಗಳಿಗೆ ಕಣ್ಣು ಮುಚ್ಚೋಕೂ ಬಿಡಲ್ವಾ?" ಎಂದು ಬೈದರು. ಸುತ್ತಲಿನವರು ನಕ್ಕರು. ನನಗೆ ಅಳು ಬಂತು.

ಪ್ರತಿ ಸೋಮವಾರ ರುದ್ರಪ್ಪನವರಿಗೆ ಫೋನು ಮಾಡಿ ವಿಚಾರಿಸಿ ಬರೆದುಕೊಳ್ಳುವುದು ನನ್ನ ಕೆಲಸವೇ ಆಗಿತ್ತು.

"ಎದೆನೋವು ಏನಾದ್ರೂ?"

"ಏನೂ ಇಲ್ಲ ಸಿಸ್ಟರಮ್ಮ. ನೀನು ಚೆನ್ನಾಗಿದ್ದೀಯಾ?"

"ಏದುಸಿರು?"

"ಇಲ್ಲ ಕಣವ್ವ. ಕೆಲ್ಸ ಎಲ್ಲಾ ಸರಿಯಾಗಿ ನಡೀತೈತಾ ನಿಂದು?"

ನನ್ನ ಕೆಲಸದ ಬಗ್ಗೆ ಅವರಿಗೆ ಯಾಕೆ ಅಷ್ಟು ಕಾಳಜಿ ಎಂದು ಆಗ ಯೋಚಿಸಲಿಲ್ಲ. ನೋವಿಲ್ಲ ಎಂದರಲ್ಲ, ಅಷ್ಟೇ ಸಾಕಾಗುತ್ತಿತ್ತು. ಸೋಮವಾರಗಳಂದು ಮಾತ್ರ ಸ್ವಲ್ಪ ಊಟ ಸೇರುತ್ತಿತ್ತು. ಮಂಗಳವಾರದಿಂದ ಮತ್ತೆ ಅದೇ. ಮೂರು ಸಲ ಡಾಕ್ಟರ ಕೋಣೆಯ ಬಾಗಿಲವರೆಗೂ ಹೋದೆ. ಒಂದು ಸಲ ಅವರು ತಲೆ ಎತ್ತಿ ಏನು ಎಂದು ಕೇಳಿಯೂಬಿಟ್ಟರು. "ಬೇಲೂರಿನ ಪೇಶೆಂಟ್ ಫೈಲ್ ಸರ್" ಎಂದು ಹೇಳಿ, ಇಲ್ಲದ ಫೈಲನ್ನು ಹುಡುಕುವವಳಂತೆ ಆಚೆ ಬಂದೆ.

ಐದು ವಾರ ಕಳೆದಿತ್ತು. ಶ್ರಾವಣ ಬಂದಿತ್ತು. ಒಂದು ದಿನ ಮಧ್ಯಾಹ್ನ ಗಂಗಮ್ಮನ ಫೋನು. ಅವರು ನನಗೆ ತಾವಾಗಿ ಫೋನು ಮಾಡಿದ್ದು ಅದೇ ಮೊದಲು.

"ಅವ್ವಾ, ಇವ್ರು ಹೊಲದಲ್ಲಿ ಕುಂಟೆ ಹೊಡೀತಾ ಹೊಡೀತಾ ಕೂತ್ಬಿಟ್ರು. ಎದೆ ಹಿಡ್ಕಂಡು ಬೆವೆತು ನೀರಾದ್ರು. ಆಸ್ಪತ್ರೆಗೆ ನಡೀರಿ ಅಂದ್ರೆ, ಚೆನ್ನಾಗೈತೆ ಅಂತ ಅವರೇ ಬರ್ಕೊಟ್ಟವ್ರೆ, ಸುಮ್ನಿರು ಅಂತಾರೆ. ಇದು ಇವತ್ತಿಂದಲ್ಲ ಕಣವ್ವ. ಮೂರು ವಾರದಿಂದ ಬತ್ತೈತೆ. ನಿಂಗೆ ಹೇಳ್ಬೇಡ ಅಂದಿದ್ರು."

ಸಿಕ್ಕ ಬಸ್ಸು ಹತ್ತಿದೆ. ಹಳೇಬೀಡಿನಲ್ಲಿ ಇಳಿದು ಬಸ್ತಿಹಳ್ಳಿಗೆ ನಡೆದದ್ದಲ್ಲ, ಓಡಿದ್ದು. ಓಣಿಯ ತಿರುವಿನಲ್ಲಿ ಮನೆಯ ಮುಂದೆ ಜನ ಸೇರಿದ್ದಾರೆಯೇ ಎಂದು ನೋಡಲು ಧೈರ್ಯ ಬಾರದೆ, ತಲೆ ತಗ್ಗಿಸಿಕೊಂಡೇ ಹೋದೆ. ಯಾರೂ ಇರಲಿಲ್ಲ. ರುದ್ರಪ್ಪನವರು ಜಗಲಿಯ ಮೇಲೆ ಗೋಡೆಗೆ ಒರಗಿದ್ದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ನಿಂತಲ್ಲೇ ಹೇಳಿದೆ. ಕಾಫಿ ಕುಡಿದದ್ದರಿಂದ ಮೊದಲ ಔಷಧಿ ಕೆಲಸ ಮಾಡಿಲ್ಲ. ಚೆನ್ನಾಗಿದೆ ಎಂದು ಬರೆದದ್ದು ತಪ್ಪು. ಎರಡನೇ ಔಷಧಿ ಸರಿಯಾಗಿಯೇ ತೋರಿಸಿತ್ತು. ನನಗೆ ಅವತ್ತೇ ಗೊತ್ತಿತ್ತು, ಆದರೂ ಡಾಕ್ಟರಿಗೆ ಸುಳ್ಳು ಹೇಳಿದೆ. ಗಂಗಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. ರುದ್ರಪ್ಪನವರು ಮಾತ್ರ ನಿಧಾನವಾಗಿ ತಲೆ ಅಲ್ಲಾಡಿಸಿದರು.

"ಅಂಗಾದ್ರೆ ಕಾಫಿ ಮಡೆ ಮುಚ್ಚಾಕಿತ್ತು ಅನ್ನು."

"ಹೂಂ."

"ನೀನು ಗಾಜಿನ ಆಚೆ ನಿಂತಿದ್ದೆ. ಮುಖ ಬಿಳುಚ್ಕಂಡಿತ್ತು. ಹೌದು ಅಂದ್ರೆ ಈ ಹುಡುಗಿ ಕೆಲ್ಸ ಹೋಯ್ತದೆ ಅನ್ನುಸ್ತು. ಅದುಕ್ಕೇ ಇಲ್ಲ ಅಂದೆ. ಆಮೇಲೂ ನೋವು ಅಂದ್ರೆ ಮತ್ತೆ ನಿನ್ನನ್ನೇ ಕೇಳ್ತಾರೆ ಅಂತ ಸುಮ್ಕಿದ್ದೆ." ಸ್ವಲ್ಪ ಹೊತ್ತು ಉಸಿರಿಗಾಗಿ ನಿಲ್ಲಿಸಿ, ಕೋಪವಿಲ್ಲದೆ, ನಿಜವಾಗಿ ತಿಳಿದುಕೊಳ್ಳುವವರಂತೆ ಕೇಳಿದರು: "ನೀನ್ಯಾಕೆ ಅಂಗಂದೆ ಕೂಸೇ?"

ನನ್ನಲ್ಲಿ ಉತ್ತರ ಇರಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಉತ್ತರ ಇತ್ತು. ಅವರು ಹೇಳಿದ್ದು ನನ್ನ ಕೆಲಸ ಉಳಿಯಲಿ ಎಂದು, ನಾನು ಹೇಳಿದ್ದೂ ನನ್ನ ಕೆಲಸ ಉಳಿಯಲಿ ಎಂದೇ. ಇಬ್ಬರ ಸುಳ್ಳಿಗೂ ಅಪಾಯಕ್ಕೆ ಬಿದ್ದದ್ದು ಅವರೊಬ್ಬರ ಎದೆ. ನಾನು ಜಗಲಿಯ ಕೆಳಗೆ ಕುಸಿದು ಕೂತು, "ಭಯ ಆಯ್ತು" ಎಂದೆ.

ಗಂಗಮ್ಮ ಒಳಗೆ ಹೋಗಿ ಗಂಡನ ಒಗೆದ ಬಟ್ಟೆಗಳನ್ನು ಚೀಲಕ್ಕೆ ತುಂಬಿದರು. ಆ ದಿನ ಅವರು ನನ್ನ ಕಡೆ ಮತ್ತೆ ನೋಡಲೇ ಇಲ್ಲ.

ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದೆ. ಎದೆನೋವು ಬಂದಿದೆ ಎಂದೆ. ಮಿಕ್ಕದ್ದನ್ನು ಹೇಳಲು ಆಗಲೂ ಬಾಯಿ ಬರಲಿಲ್ಲ, ಇಷ್ಟಾದ ಮೇಲೂ. ಅವರು ತಡಮಾಡದೆ ಬಾಡಿಗೆ ಕಾರಿನಲ್ಲಿ ಕರೆತರಲು ಹೇಳಿದರು. ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಹೆಂಡತಿಯ ಹೆಗಲಿಗೆ ಒರಗಿದ್ದ ರುದ್ರಪ್ಪನವರು, "ಮತ್ತೆ ಅಳೆದ್ರೆ ಗೊತ್ತಾಯ್ತದಲ್ಲ, ನೀನೇನೂ ಹೇಳ್ಬೇಡ" ಎಂದರು. ಆ ಮಾತಿಗೆ ಸಮಾಧಾನವಾಯಿತು ಎನ್ನುವುದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ವಾರ್ಡಿನಲ್ಲಿ ಎರಡು ದಿನ ಇಟ್ಟುಕೊಂಡು ಇಂಜೆಕ್ಷನ್ ಕೊಟ್ಟು ನೋವು ಹತೋಟಿಗೆ ತಂದರು. ಮೂರನೇ ದಿನ ಬೆಳಿಗ್ಗೆ ಅದೇ ಕೋಣೆ, ಅದೇ ಮೇಜು, ಗಾಜಿನ ಈಚೆ ನಾನು.

ಔಷಧಿ ಶುರುಮಾಡುವ ಮುಂಚೆ ಡಾಕ್ಟರು ವಾಡಿಕೆಯಂತೆ ಕೇಳಿದರು. "ಕಾಫಿ, ಟೀ?"

"ಇಲ್ಲ ಸ್ವಾಮಿ, ವಾರ್ಡಿನಲ್ಲಿ ಕೊಡ್ಲೇ ಇಲ್ಲ." ರುದ್ರಪ್ಪನವರು ಗಂಟಲು ಸರಿಮಾಡಿಕೊಂಡರು. "ಹೋದ ಸಲ ಮಾತ್ರ ತಪ್ಪಾಗಿತ್ತು. ಕದ್ದು ಒಂದು ಲೋಟ ಕುಡಿದಿದ್ದೆ. ಈ ಸಿಸ್ಟರಮ್ಮ ನಮ್ಮನೆಗೆ ಬರೋಕೆ ಮುಂಚೆ. ಆಯಮ್ಮಂಗೆ ಇದು ಗೊತ್ತೇ ಇಲ್ಲ. ನಂದೇ ತಪ್ಪು, ಬರ್ಕಳಿ."

ಎದೆಗೆ ತಂತಿ ಹಾಕಿಸಿಕೊಂಡು ಮಲಗಿದ್ದ ಮನುಷ್ಯ ಎರಡನೇ ಸಲ ನನಗಾಗಿ ಸುಳ್ಳು ಹೇಳುತ್ತಿದ್ದರು. ಡಾಕ್ಟರು ಗಾಜಿನ ಕಡೆ ತಿರುಗಲಿಲ್ಲ, ನನ್ನನ್ನು ಏನೂ ಕೇಳಲಿಲ್ಲ. ನಾನು ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಮೈಕಿನ ಗುಂಡಿ ಒತ್ತಲು ಎರಡು ಸಲ ಬೇಕಾಯಿತು.

"ಅದು ನಿಜ ಅಲ್ಲ ಸರ್. ನಾನು ಎದುರಿಗೇ ಕೂತಿದ್ದೆ. ನಾನು ಕುಡಿದೆ ಅಂತ ಅವರು ಕುಡಿದಿದ್ದು. ಫಾರಂನಲ್ಲಿ ಇಲ್ಲ ಅಂತ ಬರೆದದ್ದು ಗೊತ್ತಿದ್ದೇ ಬರೆದದ್ದು."

ಡಾಕ್ಟರು ಒಂದು ಸಲ ಕಣ್ಣು ಮುಚ್ಚಿ ತೆರೆದರು. ಆಮೇಲೆ ಪಕ್ಕದವರಿಗೆ, "ಅಡಿನೋಸಿನ್ ಶುರುಮಾಡಿ" ಎಂದರು.

ಈ ಸಲ ಔಷಧಿ ಹಿಡಿಯಿತು. ರುದ್ರಪ್ಪನವರ ಮುಖ ಕೆಂಪಾಯಿತು, ಬಾಯಿ ತೆರೆದು ಉಸಿರೆಳೆದುಕೊಂಡರು, ಕಾಲ್ಬೆರಳು ಮುದುಡಿದವು. "ಶಿವನೇ, ಎದೆ ಮ್ಯಾಲೆ ಬಂಡೆ ಇಟ್ಟಂಗಾಯ್ತು" ಎಂದು ನರಳಿದರು. ಆ ನರಳಾಟ ಕೇಳುತ್ತಾ ನಾನು ಪರದೆಗೆ ಕಣ್ಣು ನೆಟ್ಟು, ಸಂಖ್ಯೆ ಇಳಿಯಲಿ, ಇನ್ನೂ ಇಳಿಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ಒಬ್ಬರ ಹೃದಯ ಕೆಟ್ಟಿದೆ ಎಂದು ತೋರಲಿ ಎಂದು ಬೇಡಿಕೊಂಡದ್ದು ಬದುಕಿನಲ್ಲಿ ಅದೊಂದೇ ಸಲ. ಎಂಬತ್ತು ದಾಟಿತು. ಎಪ್ಪತ್ತೆಂಟು. ಎಪ್ಪತ್ತಾರರಲ್ಲಿ ನಿಂತಿತು. ಬಿಡುವು ಕೊಟ್ಟು ಎರಡನೆಯದನ್ನು ಕೊಟ್ಟಾಗಲೂ ಎಪ್ಪತ್ತಾರು. ಎರಡು ಔಷಧಿಗಳೂ ಮೊದಲಿನಿಂದ ಒಂದೇ ಮಾತು ಹೇಳಲು ಸಿದ್ಧವಿದ್ದವು. ನಡುವೆ ಅಡ್ಡ ನಿಂತವರು ನಾವು.

ಅಲ್ಲೇ ಸ್ಟೆಂಟ್ ಹಾಕಿದರು. ಮುಗಿಯುವವರೆಗೂ ನಾನು ಗಾಜು ಬಿಟ್ಟು ಕದಲಲಿಲ್ಲ. ಅವರನ್ನು ವಾರ್ಡಿಗೆ ಕಳಿಸಿದ ಮೇಲೆ ಡಾಕ್ಟರು ಎಕ್ಸ್‌ರೇ ತಡೆಯುವ ಸೀಸದ ನಿಲುವಂಗಿ ಬಿಚ್ಚುತ್ತಾ ಈಚೆ ಬಂದರು. ಬೈಯುತ್ತಾರೆ, ಕಾರ್ಡು ಬಿಚ್ಚಿ ಕೊಡು ಎನ್ನುತ್ತಾರೆ ಎಂದುಕೊಂಡು ಕಾರ್ಡಿನ ದಾರಕ್ಕೆ ಕೈ ಹಾಕಿದ್ದೆ.

"ಹೋದ ಸಲದ ಫಾರಂ ತಗೊಂಡು ಬಾ" ಎಂದರು.

ತಂದು ಮೇಜಿನ ಮೇಲಿಟ್ಟೆ. ಹದಿನಾಲ್ಕನೇ ಸಾಲನ್ನು ಬೆರಳಿನಿಂದ ತೋರಿಸಿದರು. ಅಧ್ಯಯನದ ನಿಯಮದಂತೆ ತಪ್ಪನ್ನು ಒಂದೇ ಗೆರೆಯಿಂದ ಹೊಡೆಯಬೇಕು, ಹೊಡೆದದ್ದು ಎಲ್ಲರಿಗೂ ಓದಲು ಸಿಗಬೇಕು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಿ ತಾರೀಕು ಹಾಕಬೇಕು. 'ಇಲ್ಲ' ಎನ್ನುವುದರ ಮೇಲೆ ಗೆರೆ ಎಳೆದು 'ಹೌದು' ಎಂದು ಬರೆದೆ.

"ಆ ದಿನದಿಂದ ಇವತ್ತಿಗೆ ಎಷ್ಟು ದಿನ ಆಯ್ತು?"

"ನಲವತ್ತೊಂದು ಸರ್." ಎಣಿಸುವ ಅಗತ್ಯವೇ ಇರಲಿಲ್ಲ.

"ಈ ನಲವತ್ತೊಂದು ದಿನ ಆ ಮನುಷ್ಯ ಬದುಕಿದ್ದಾರಲ್ಲ, ಅದು ನಿನ್ನಿಂದ ಅಲ್ಲ. ಎರಡನೇ ನಂಬರನ್ನ ಕಣ್ಣಾರೆ ನೋಡಿಯೂ ಮನೆಗೆ ಕಳಿಸಿದೆನಲ್ಲ, ನನ್ನಿಂದಲೂ ಅಲ್ಲ."

ನಾನು ಸಹಿ ಮಾಡಿದೆ. ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಅದರ ಕೆಳಗೆ ತಾವೂ ಸಹಿ ಮಾಡಿದರು.